ನಾನು ಬರೆದದ್ದು ಬರಿ

ನವೆಂಬರ್ ೧, ಶನಿವಾರ

ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಬರೆಯುತ್ತೇನೆ. ಬರೆಯದಿದ್ದರೆ ಈ ಸಿಟ್ಟನ್ನೆಲ್ಲ ಹೆಂಡತಿ ಹರಿಣಾಕ್ಷಿ ಮಾಡಿಟ್ಟ ಸಾರಿನ ಮೇಲೆ ತೀರಿಸಿ, ಅವಳಿಂದ ಬೇರೆ ಬೈಸಿಕೊಳ್ಳಬೇಕಾಗುತ್ತದೆ.

ಇವತ್ತು ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ರಾಜ್ಯೋತ್ಸವ. ಬಾವುಟ, ನಾಡಗೀತೆ, ಉಪ್ಪಿಟ್ಟು-ಅವಲಕ್ಕಿಯ ಸಜ್ಜಿಗೆ ಬಜಿಲ್, ಭಾಷಣ, ಮತ್ತೆ ಭಾಷಣ. ಕೊನೆಗೆ ಮಾಸಪತ್ರಿಕೆಯ ವಿಶೇಷಾಂಕ ಬಿಡುಗಡೆ. ಅದರಲ್ಲಿ ನನ್ನ ಲೇಖನವಿದೆ. ಠಾಣೆಯ ಕಾಲೇಜಿನಲ್ಲಿ ಜೀವನವಿಡೀ ಇಂಗ್ಲಿಷಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವನು ನಿವೃತ್ತನಾದ ಮೇಲೆ ಕನ್ನಡದಲ್ಲಿ ಬರೆದ ಮೊದಲ ಲೇಖನ. ಮಳೆಗಾಲವೆಲ್ಲ ಕೂತು ಬರೆದದ್ದು. ಪುಟ ತೆರೆದೆ. ಮೊದಲ ಪ್ಯಾರಾ ಸರಿ ಇತ್ತು. ಎರಡನೆಯದರಲ್ಲಿ ಕಣ್ಣು ನಿಂತಿತು. ನಾನು ‘ಬರಿ’ ಎಂದು ಬರೆದ ಕಡೆಯಲ್ಲೆಲ್ಲ ‘ಜಾತಿ’ ಎಂದು ಅಚ್ಚಾಗಿದೆ. ಒಂದು ಕಡೆ ಆಗಿದ್ದರೆ ಮುದ್ರಣದೋಷ ಅನ್ನಬಹುದಿತ್ತು. ಎಲ್ಲ ಕಡೆ ಆಗಿದೆ!

ನನ್ನ ವಾದವನ್ನು ಇಲ್ಲಿ ಕ್ರಮವಾಗಿ ಬರೆದಿಡುತ್ತೇನೆ. ನಾಳೆ ಸಂಪಾದಕಿಗೆ ಫೋನ್ ಮಾಡುವಾಗ ಸಿಟ್ಟಿನಲ್ಲಿ ಯಾವುದೂ ಬಿಟ್ಟುಹೋಗಬಾರದು.

ಲೇಖನದ ವಿಷಯ ಯುಪ್ಲೋಟಿಸ್. ಒಳನಾಡಿಗೆ ಚಾಚಿದ ಕಡಲತೋಳಾದ ಠಾಣೆ ಖಾಡಿಯ ಉಪ್ಪುನೀರಿನಲ್ಲಿ ಬದುಕುವ ಒಂದೇ ಕೋಶದ ಜೀವಿ, ಸಿಲಿಯೇಟುಗಳ ಗುಂಪಿನದು. ಮೈಮೇಲೆ ಸಣ್ಣ ರೋಮಗಳು. ಅವೇ ಕಾಲು, ಅವೇ ದೋಣಿಯ ಹುಟ್ಟು. ಇದರಲ್ಲಿ ಗಂಡು ಹೆಣ್ಣು ಇಲ್ಲ, ಹಲವು ಬಗೆಗಳಿವೆ. ಒಂದೊಂದು ಬಗೆಯೂ ತನ್ನದೇ ಒಂದು ಫೆರೊಮೋನನ್ನು, ಅಂದರೆ ಕರೆಯುವ ರಾಸಾಯನಿಕವನ್ನು, ನೀರಿಗೆ ಬಿಡುತ್ತದೆ. ಅದನ್ನು ಹಿಡಿಯುವ ಗ್ರಾಹಕಗಳು ಕೋಶದ ಮೈಮೇಲಿವೆ. ಸೋಜಿಗವೇನೆಂದರೆ ಕೂಗುವ ಬಾಯಿಯನ್ನೂ ಕೇಳುವ ಕಿವಿಯನ್ನೂ ಹೆಣೆಯುವುದು ಒಂದೇ ಜೀನ್. ಹಾಗಾಗಿ ಕೋಶ ಮೊದಲು ಕೇಳಿಸಿಕೊಳ್ಳುವುದು ತನ್ನ ಕರೆಯನ್ನೇ. ತನ್ನದನ್ನೇ ಕೇಳುತ್ತಿರುವಷ್ಟು ಕಾಲ ಉಣ್ಣುತ್ತದೆ, ಬೆಳೆಯುತ್ತದೆ, ಎರಡಾಗಿ ಒಡೆಯುತ್ತದೆ. ಬೇರೆ ಬಗೆಯ ಕರೆ ಬಂದು ಅದೇ ಕಿವಿಗೆ ಬಿತ್ತೆಂದರೆ ಬೆಳೆಯುವುದನ್ನು ಬಿಟ್ಟು ಜೊತೆಗೂಡಲು ಸಿದ್ಧವಾಗುತ್ತದೆ.

ಈ ‘ಬಗೆ’ಗೆ ಕನ್ನಡದಲ್ಲಿ ಏನೆನ್ನುವುದು ಎಂದು ತಲೆ ಕೆರೆದುಕೊಂಡು ಸಾಕಾಗಿತ್ತು. ಕೊನೆಗೆ ಹೊಳೆದದ್ದು ನಮ್ಮ ತುಳುವರ ‘ಬರಿ’. ತಾಯಿಯಿಂದ ಮಕ್ಕಳಿಗೆ ಬರುವ ಬಳಿ, ಗೋತ್ರದ ಹಾಗೆ. ಒಂದೇ ಬರಿಯವರು ಅಣ್ಣತಂಗಿಯರ ಲೆಕ್ಕ, ಮದುವೆಯಾಗುವಂತಿಲ್ಲ. ಬೇರೆ ಬರಿಯವರು ಆಗಬಹುದು. ಬರಿಗಳಲ್ಲಿ ಇದು ಮೇಲು, ಅದು ಕೆಳಗೆ ಎಂಬುದೂ ಇಲ್ಲ. ಇದಕ್ಕಿಂತ ಒಪ್ಪುವ ಶಬ್ದವನ್ನು ಯಾರಾದರೂ ತಂದುಕೊಡಲಿ ನೋಡೋಣ.

ಈಗ ಅಚ್ಚಾಗಿರುವುದು ಹೀಗೆ: “ಒಂದೇ ಜಾತಿಯವು ಎಷ್ಟು ಹತ್ತಿರ ಸುಳಿದರೂ ಕೂಡುವುದಿಲ್ಲ. ಬೇರೆ ಜಾತಿಯ ಕರೆ ಮೈಗೆ ತಾಗಿದಾಗ ಮಾತ್ರ ಅವು ಜೊತೆಗೂಡಲು ಸಿದ್ಧವಾಗುತ್ತವೆ. ಬೇರೆ ಜಾತಿಯಲ್ಲಿ ಕೂಡಿದರೆ ಮಾತ್ರ ಕುಲ ಹೊಸದಾಗುತ್ತದೆ.” ಇದು ಜೀವವಿಜ್ಞಾನವೇ? ಅಲ್ಲಿ ಜಾತಿ ಎಂದರೆ ಸ್ಪೀಶೀಸ್. ಹುಲಿ ಹೋಗಿ ಎಮ್ಮೆಯನ್ನು ಕಟ್ಟಿಕೊಂಡ ಹಾಗಾಯಿತು! ನನ್ನ ಹಳೆಯ ವಿದ್ಯಾರ್ಥಿ ಯಾವನಾದರೂ ಓದಿದರೆ ನನಗೆ ಅರಳುಮರಳು ಅಂದುಕೊಳ್ಳುತ್ತಾನೆ. ಅವೆಲ್ಲ ಒಂದೇ ಜಾತಿ. ಒಂದೇ!

ನವೆಂಬರ್ ೨, ಭಾನುವಾರ

ಅನಸೂಯಾಬಾಯಿಗೆ ಫೋನ್ ಮಾಡಿದೆ. ಈ ಸಂಪಾದಕಿ ವಿಜಯಪುರದ ಕಡೆಯವರು, ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ತಪ್ಪೊಪ್ಪಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಎಲ್ಲಿಯ ಮಾತು!

“ಅಲ್ರೀ ಸರ, ಒಂದೇ ಬರಿ ಅಂದ್ರ ಏನ್ರಿ? ನಮ್ಮ ಕಡೆ ಬರಿ ಅಂದ್ರ ಬರೇ, ಸುಮ್ನ. ಬರಿ ಚಹಾ, ಬರಿ ಅನ್ನ. ಮುಂದಿನ ಶಬ್ದ ನೀವು ಬಿಟ್ಟೀರಿ ಅನಕೊಂಡೆ.”

“ನನ್ನನ್ನು ಕೇಳಬಹುದಿತ್ತಲ್ಲ?”

“ಫೋನ್ ಮಾಡಿದ್ದೆ. ನಿಮ್ಮ ಮನಿಯವರು ಎತ್ತಿದ್ರು. ಸರ ಖಾಡಿನೀರಿನ ಜಾಡಿ ಮುಂದ ಕುಂತಾರ, ಎಬ್ಬಿಸಿದ್ರ ಬೈತಾರ ಅಂದ್ರು.”

“ಅದಕ್ಕೆ ಜಾತಿ ಅಂತ ಹಾಕುವುದಾ?”

“ಕೂಡಬಹುದು, ಕೂಡಬಾರದು ಅಂತ ಬಂದ ಮ್ಯಾಲ ನಮ್ಮ ದೇಶದಾಗ ಜಾತಿ ಬಿಟ್ಟು ಮತ್ತೇನ ಇರತದ್ರಿ?”

ಸಿಟ್ಟು ಇನ್ನಷ್ಟು ಏರಿತು. ಡಿಸೆಂಬರ್ ಸಂಚಿಕೆಯಲ್ಲಿ ತಿದ್ದುಪಡಿ ಹಾಕಲೇಬೇಕೆಂದು ಹಟ ಹಿಡಿದೆ. ಒಪ್ಪಿದರು. ಆದರೆ ನಾಲ್ಕೇ ಸಾಲಂತೆ, ಕೆಳಗೆ ಸಹಕಾರಿ ಬ್ಯಾಂಕಿನ ಜಾಹೀರಾತು ಇದೆಯಂತೆ. ನನ್ನ ಮಾನಕ್ಕೆ ನಾಲ್ಕು ಸಾಲು, ಬ್ಯಾಂಕಿನ ಠೇವಣಿಗೆ ಅರ್ಧ ಪುಟ.

ನವೆಂಬರ್ ೪, ಮಂಗಳವಾರ

ಹರಿಣಾಕ್ಷಿಯ ತಮ್ಮ ಲತೀಶ ಕೋಪರಿಯಿಂದ ಫೋನ್ ಮಾಡಿದ. ಸ್ಟೇಷನ್ ಪಕ್ಕ ಅವನ ಹೋಟೆಲಿದೆ, ಹಣ ತೆಗೆದುಕೊಳ್ಳುವ ಗಲ್ಲೆಯಲ್ಲಿ ಕೂತು ಇಡೀ ಠಾಣೆಯ ಸುದ್ದಿ ಕೇಳಿಸಿಕೊಳ್ಳುತ್ತಾನೆ.

“ಭಾವ, ನೀವು ಎಂತ ಬರೆದದ್ದು ಮಾರಾಯ್ರೆ? ಜಾತಿ ಬಿಟ್ಟು ಮದುವೆ ಆಗಬೇಕು ಅಂತ ಬರೆದಿದ್ದೀರಂತೆ. ಮತ್ತೆ ಗ್ರಾಹಕರು ಮೈಮೇಲೆ ಕೂತಿರ್ತಾರೆ ಅಂತಲೂ ಉಂಟಂತೆ. ನಮ್ಮ ಗಿರಾಕಿಗಳಿಗೆ ಹೇಳಿದ್ದಾ ಅದು?”

ಗ್ರಾಹಕ ಎಂದರೆ ಕೋಶದ ಮೈಮೇಲಿನ ಪ್ರೋಟೀನು, ನಿನ್ನ ಹೋಟೆಲಿನ ಗಿರಾಕಿಯಲ್ಲ ಎಂದು ವಿವರಿಸಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಅವನ ತಲೆಯಲ್ಲಿ ಬೇರೆ ವಿಷಯ ಇತ್ತು. ನಮ್ಮ ಮಗಳು ಪ್ರಣೀತಾಳಿಗೆ ಅವನು ತಂದ ಸಂಬಂಧ ಒಂದಿದೆ. ಅನೀಶ ಅಂತ ಹುಡುಗ, ನಮ್ಮವರೇ, ಬರಿಯೂ ಬೇರೆ, ಮನೆಯವರಿಗೆ ವಾಶಿಯಲ್ಲಿ ಎರಡು ಹೋಟೆಲು. ಲೇಖನ ನೋಡಿ ಅವರು ಹಿಂದೆ ಮುಂದೆ ನೋಡುತ್ತಿದ್ದಾರಂತೆ. ತಿದ್ದುಪಡಿ ಬಂದರೆ ಮಾತು ಮುಂದುವರಿಸುತ್ತಾರಂತೆ.

ಸಂಜೆ ಸ್ಟೇಷನ್ನಿನ ಸೇತುವೆ ಮೇಲೆ ಯಾರೋ ಅಪರಿಚಿತ ಎರಡೂ ಕೈ ಹಿಡಿದುಕೊಂಡು, “ಭಾಳ ಧೈರ್ಯದಿಂದ ಬರದೀರಿ ಸರ” ಎಂದ. ನನ್ನ ಮಟ್ಟಿಗೆ ಲತೀಶನೂ ಇವನೂ ಒಂದೇ. ಇಬ್ಬರೂ ನಾನು ಬರೆದದ್ದನ್ನು ಓದಿಲ್ಲ.

ನವೆಂಬರ್ ೫, ಬುಧವಾರ

ಎಂಐಡಿಸಿಯ ಕಾರ್ಖಾನೆಗಳ ಕಡೆಯಿಂದ ಬೆಳಗ್ಗೆಯಿಂದ ಕೊಳೆತ ಮೊಟ್ಟೆಯ ವಾಸನೆ. ಹರಿಣಾಕ್ಷಿ ಅದನ್ನು ನನ್ನ ಜಾಡಿಗಳ ತಲೆಗೆ ಕಟ್ಟಿದಳು. ಅಡುಗೆಮನೆಯ ಕಿಟಕಿಯಲ್ಲಿ ಎರಡು ಉಪ್ಪಿನಕಾಯಿ ಜಾಡಿಗಳಿವೆ: ಕೋಪರಿ ದಡದ ಖಾಡಿನೀರು ಒಂದರಲ್ಲಿ, ವಾಶಿ ದಡದ್ದು ಇನ್ನೊಂದರಲ್ಲಿ. ಕಾರ್ಖಾನೆಯವರನ್ನು ಯಾರೂ ಕೇಳುವುದಿಲ್ಲ, ಮುದುಕನ ಜಾಡಿ ಎಲ್ಲರ ಕಣ್ಣಿಗೆ ಬೀಳುತ್ತದೆ.

“ನೀವೇ ಬರೆಯುವುದು, ನೀವೇ ಓದುವುದು, ನೀವೇ ಕೂಗಾಡುವುದು” ಎಂದಳು ಈ ದಿನಚರಿ ಪುಸ್ತಕ ನೋಡಿ. ಮನೆಯಲ್ಲಿ ಕನ್ನಡ ಓದುವವರು ಬೇರೆ ಯಾರಿದ್ದಾರೆ? ಇವಳು ತುಳುವಿನಲ್ಲೇ ಇದ್ದಾಳೆ, ಮಗಳು ಮರಾಠಿಯಲ್ಲಿ.

ನವೆಂಬರ್ ೯, ಭಾನುವಾರ

ಏನೋ ಆಗಬಾರದ್ದು ಆಗಿಹೋಗಿದೆ. ಅದಕ್ಕೆ ನಾನೇ ಹ್ಞೂಂಗುಟ್ಟಿದ್ದೇನೆ.

ಬೆಳಗ್ಗೆ ದೋಸೆಗೆ ಕೂತಿದ್ದೆ. ಪ್ರಣೀತಾ ಬಂದು ಎದುರಿಗೆ ಕೂತಳು. ಕೈಯಲ್ಲಿ ಆ ವಿಶೇಷಾಂಕ. ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದಿದಳು: “ಬೇ-ರೆ ಜಾ-ತಿ-ಯ ಕ-ರೆ ಮೈ-ಗೆ ತಾ-ಗಿ-ದಾ-ಗ...”

ಕೈಯಲ್ಲಿದ್ದ ದೋಸೆ ಕೈಯಲ್ಲೇ ಉಳಿಯಿತು. ಈ ಹುಡುಗಿಗೆ ಕನ್ನಡ ಅಕ್ಷರ ಕಲಿಸಲು ನಾನು ಪಡದ ಪಾಡಿಲ್ಲ. ಬೇಸಿಗೆ ರಜೆಗೊಂದು ಅಕ್ಷರಮಾಲೆ ತಂದು ಸೋತಿದ್ದೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇವಳು ಮರಾಠಿಯಲ್ಲೋ ಹಿಂದಿಯಲ್ಲೋ ಉತ್ತರ ಕೊಟ್ಟೇ ಇಷ್ಟು ದೊಡ್ಡವಳಾದಳು. ಈಗ ಓದುತ್ತಿದ್ದಾಳೆ. ನನ್ನ ಲೇಖನವನ್ನು ಓದುತ್ತಿದ್ದಾಳೆ. ಸಂತೋಷವಾಯಿತು. ಹೌದು, ಸಂತೋಷವೇ. ಬರೆಯಲು ನಾಚಿಕೆ ಏಕೆ?

“ಯಾರು ಕಲಿಸಿದ್ದು?” ಎಂದೆ.

“ಭೀಮು” ಎಂದಳು.

ಆಮೇಲೆ ಎಲ್ಲ ಹೊರಗೆ ಬಂತು. ತುರ್ಭೆಯಲ್ಲಿ ಇವಳು ಲೆಕ್ಕಪತ್ರ ನೋಡುವ ಔಷಧಿ ಕಂಪನಿಯಲ್ಲೇ ಅವನೂ ಲ್ಯಾಬಿನ ಕೆಲಸದಲ್ಲಿದ್ದಾನೆ. ಕಲಬುರಗಿಯ ಕಡೆಯವರು. ತಾಯಿ ಮರಗಮ್ಮ ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುವ ಕೆಲಸ ಮಾಡಿ ಸಾಕಿದ್ದು. ಕನ್ನಡ ಶಾಲೆಯಲ್ಲಿ ಓದಿದವನು, ಆಮೇಲೆ ಬಿಎಸ್ಸಿ. ಎರಡು ವರ್ಷದಿಂದ ಪ್ರೀತಿಸುತ್ತಿದ್ದಾರೆ, ನನಗೆ ಹೇಳುವ ಧೈರ್ಯ ಇವಳಿಗೆ ಇರಲಿಲ್ಲವಂತೆ. ಅವನು ಸಂಘದ ಪತ್ರಿಕೆ ತಂದು ತೋರಿಸಿದನಂತೆ. ಇವಳು ತಾನೇ ಓದಬೇಕೆಂದು ಹಟ ಹಿಡಿದು ಲೋಕಲ್ ರೈಲಿನಲ್ಲಿ ಕೂತು ಓದಿದಳಂತೆ.

“ಪಪ್ಪಾ, ಹೇ ತುಮ್ಹೀ ಮಾಝ್ಯಾಸಾಠೀಚ್ ಲಿಹಿಲಂ ನಾ?” ನನಗೋಸ್ಕರವೇ ಬರೆದದ್ದಲ್ಲವೇ ಎಂದು ಕೇಳಿದಳು. ಕಣ್ಣು ತುಂಬಿತ್ತು.

ಅದು ಅನಸೂಯಾಬಾಯಿಯ ತಪ್ಪು ಎನ್ನಬೇಕಿತ್ತು. ಬಾಯಿ ತೆರೆದದ್ದೂ ಅದಕ್ಕೇ. ಬಂದದ್ದು ಹ್ಞೂಂ. ಅವಳು ಎದ್ದು ಬಂದು ಕೊರಳು ತಬ್ಬಿದಳು, ನನ್ನ ಅಂಗಿಗೆಲ್ಲ ಚಟ್ನಿ. ಮುಂದಿನ ಭಾನುವಾರ ಅವನನ್ನೂ ತಾಯಿಯನ್ನೂ ಕರೆತರುತ್ತಾಳಂತೆ.

ನನ್ನ ಬಾಯಿಯೇ ನನ್ನ ಮಾತು ಕೇಳುವುದಿಲ್ಲವೆಂದರೆ ಇನ್ನು ಯಾರನ್ನು ದೂರುವುದು? ಅನಸೂಯಾಬಾಯಿಯನ್ನೇ ದೂರುತ್ತೇನೆ.

ನವೆಂಬರ್ ೧೦, ಸೋಮವಾರ

ತಿದ್ದುಪಡಿ ಬರೆದೆ. ಒಂದೂವರೆ ಪುಟ ಆಯಿತು. ಅದರಲ್ಲಿ ಒಂದು ಪುಟ ಬೈಗಳು. ಪ್ರಣೀತಾ ಆಫೀಸಿನಿಂದ ಬಂದ ಕೂಡಲೇ ಪತ್ರಿಕೆಯ ಕೆಳಗೆ ಬಚ್ಚಿಟ್ಟೆ. ಸತ್ಯ ಬರೆದವನು ಕಳ್ಳನ ಹಾಗೆ ಬಚ್ಚಿಡಬೇಕಾಗಿ ಬಂದದ್ದು ಎಂಥ ಅನ್ಯಾಯ.

ನವೆಂಬರ್ ೧೨, ಬುಧವಾರ

ಹರಿಣಾಕ್ಷಿಗೆ ಮೊದಲೇ ಗೊತ್ತಿತ್ತು! ಭೀಮುವಿನ ವಿಷಯ ದೀಪಾವಳಿಗಿಂತ ಮುಂಚೆಯೇ ಮಗಳು ಅವಳಿಗೆ ಹೇಳಿದ್ದಳಂತೆ. ಈ ಮನೆಯಲ್ಲಿ ನನಗೊಬ್ಬನಿಗೇ ಎಲ್ಲ ತಡವಾಗಿ ತಿಳಿಯುವುದು. ಕೂಗಾಡಿದೆ. ಅವಳು ಬಟ್ಟೆ ಮಡಚುತ್ತಲೇ ಇದ್ದಳು.

“ಅವರಲ್ಲಿ ಬರಿಯೇ ಇಲ್ಲ. ಹುಟ್ಟುವ ಮಕ್ಕಳ ಗತಿ ಎಂತ?” ಎಂದೆ. ಅದು ನನ್ನ ದೊಡ್ಡ ಬಾಣ.

“ಬರಿ ಬರುವುದು ತಾಯಿಯಿಂದ ಅಲ್ವಾ? ಅವಳ ಮಕ್ಕಳಿಗೆ ನನ್ನ ಬರಿಯೇ. ನಿಮ್ಮದು ಹೇಗೂ ನಮ್ಮ ಮದುವೆಯ ದಿನವೇ ಮುಗಿಯಿತು. ಈಗ ಎಂತಕ್ಕೆ ಚಿಂತೆ?”

ಮೂವತ್ತು ವರ್ಷ ಆನುವಂಶಿಕತೆ ಪಾಠ ಮಾಡಿದವನಿಗೆ ಹೇಳುವ ಮಾತೇ ಇದು? ಮಾತು ಸರಿಯಾಗಿಯೇ ಇದೆ, ಅದು ಬೇರೆ ಪ್ರಶ್ನೆ.

“ಹಾಗಾದರೆ ನೀನು ಒಪ್ಪಿದ್ದೀಯಾ?”

“ನನಗೂ ಹೆದರಿಕೆ ಉಂಟು. ಲತೀಶ ಮುಖ ತಿರುಗಿಸ್ತಾನೆ. ಊರಿನಲ್ಲಿ ಅಕ್ಕಂದಿರು ಎಂತೆಲ್ಲ ಹೇಳ್ತಾರೋ. ಆದರೆ ನೀವು ಹೌದು ಅಂದಿರಲ್ಲ? ಈಗ ಹೋಗಿ ಪೇಪರಿನಲ್ಲಿ ತಪ್ಪಾಯ್ತು ಅಂತ ಹಾಕಿಸಿ ನೋಡಿ. ಅವಳು ಮನೆ ಬಿಡುದಿಲ್ಲ. ಮಾತು ಬಿಡ್ತಾಳೆ. ಈಗಷ್ಟೇ ನಿಮ್ಮ ಹತ್ತಿರ ಮಾತಾಡ್ಲಿಕ್ಕೆ ಶುರು ಮಾಡಿದ್ದು ಅವಳು.”

ಜಾಡಿಗಳ ಹತ್ತಿರ ಹೋಗಿ ಕೂತೆ. ಅದೇನು ಈಗಷ್ಟೇ ಶುರು ಮಾಡಿದ್ದು? ನಾನು ಮಗಳ ಹತ್ತಿರ ಮಾತಾಡುತ್ತಲೇ ಬಂದಿದ್ದೇನೆ. ದಿನಾ ಮಾತಾಡಿದ್ದೇನೆ. ಅವಳು ಕೇಳಿಸಿಕೊಳ್ಳಲಿಲ್ಲ ಅಷ್ಟೆ.

ನವೆಂಬರ್ ೧೬, ಭಾನುವಾರ

ಬಂದರು, ಹೋದರು. ಕ್ರಮವಾಗಿ ಬರೆಯುತ್ತೇನೆ.

ನಾನು ಮುಖ ಗಂಟಿಕ್ಕಿಕೊಂಡು ಪೇಪರ್ ಹಿಡಿದು ಕೂತಿದ್ದೆ. ಮರಗಮ್ಮ ಗಟ್ಟಿಮುಟ್ಟಾದ ಹೆಂಗಸು, ಮಾತು ಜೋರು, ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಹುಡುಗ ಬಡಕಲು, ಕನ್ನಡಕ. ಸುಮ್ಮನೆ ಕೂರುವುದಕ್ಕಿಂತ ಒಂದು ಸಲ ಚುಚ್ಚಿಯೇ ಬಿಡೋಣವೆಂದು ಕೇಳಿದೆ: “ನಿಮ್ಮಲ್ಲಿ ಬರಿ?”

“ಬಂದೀವಲ್ರಿ ಯಪ್ಪಾ!” ಎಂದು ನಕ್ಕಳು ಆಕೆ. “ಒಳಗ ಬಂದು ಕುಂತು ನೀರು ಕುಡದ ಮ್ಯಾಲ ಬರ್ರಿ ಅಂತೀರಿ.”

ಹರಿಣಾಕ್ಷಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ನನ್ನ ಶಬ್ದಕ್ಕೆ ಈ ಜಿಲ್ಲೆಯಲ್ಲಿ ಮರ್ಯಾದೆಯೇ ಇಲ್ಲ. ಒಬ್ಬರಿಗೆ ಬರಿ ಚಹಾ, ಇನ್ನೊಬ್ಬರಿಗೆ ಒಳಗೆ ಬನ್ನಿ. ಹಲ್ಲು ಕಚ್ಚಿಕೊಂಡು ಬಿಡಿಸಿ ಹೇಳಿದೆ: ಒಂದೇ ಬರಿಯವರು ಒಡಹುಟ್ಟಿದವರ ಹಾಗೆ, ಮದುವೆ ಇಲ್ಲ, ಇತ್ಯಾದಿ.

“ಹಾಂ, ಬೆಡಗಾ?” ಎಂದಳು ಮರಗಮ್ಮ. “ಹಂಗನ್ರಿ ಮತ್ತ. ನಮ್ಮಾಗೂ ಅದರಿ. ಒಂದ ಬೆಡಗಿನ್ಯಾಗ ಕೊಡಂಗಿಲ್ಲ, ತರಂಗಿಲ್ಲ. ಅಣ್ಣತಮ್ಮರು ಆಗ್ತಾರ್ರಿ ಅವರು. ಬ್ಯಾರೆ ಬೆಡಗು ಇದ್ರನ ಬೀಗಸ್ತನ.”

ಬೆಡಗು! ಬೆಡಗು ಎಂದರೆ ಬಿನ್ನಾಣ, ಅಂದಚೆಂದ ಎಂದಷ್ಟೇ ನನಗೆ ಗೊತ್ತಿತ್ತು. ಇಷ್ಟು ವರ್ಷ ಇವರ ನಡುವೆ ರೈಲಿನಲ್ಲಿ ನೂಕಾಡಿಕೊಂಡು ಓಡಾಡಿದ್ದೇನೆ, ಒಬ್ಬರೂ ಹೇಳಲಿಲ್ಲ. ನಾನು ಕೇಳಿರಲಿಲ್ಲ ಎನ್ನುವುದು ನಿಜ. ಲೇಖನದಲ್ಲಿ ಬೆಡಗು ಎಂದು ಬರೆದಿದ್ದರೆ ಅನಸೂಯಾಬಾಯಿ ಕೈ ಹಾಕುತ್ತಿರಲಿಲ್ಲ, ಈ ಯಾವ ರಾಮಾಯಣವೂ ಆಗುತ್ತಿರಲಿಲ್ಲ.

ಊಟಕ್ಕೆ ಮುಂಚೆ ಹುಡುಗ ಜಾಡಿ ನೋಡಬಹುದೇ ಎಂದ. ಈ ಮನೆಗೆ ಬಂದವರಲ್ಲಿ ಜಾಡಿಯನ್ನು ಕೇಳಿ ನೋಡಿದವರು ಇಲ್ಲ. ಕರೆದುಕೊಂಡು ಹೋದೆ. ಕೋಪರಿ ಜಾಡಿಯ ಒಂದು ಹನಿ, ವಾಶಿ ಜಾಡಿಯ ಒಂದು ಹನಿ, ಸಣ್ಣ ಗಾಜಿನ ಬಟ್ಟಲಿಗೆ ಹಾಕಿದೆ. ನಾಲ್ಕು ದಿನದಿಂದ ಅವಕ್ಕೆ ಪಾಚಿ ಹಾಕಿರಲಿಲ್ಲ. ಹಸಿದಿದ್ದರೆ ಮಾತ್ರ ಅವು ಜೊತೆ ಹುಡುಕುತ್ತವೆ. ಅವನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಟ್ಟಲನ್ನು ಮೆಲ್ಲಗೆ ಆಚೀಚೆ ಸರಿಸಿ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, “ಸರ, ಒಂದು ಡೌಟ್ ಅದರಿ” ಎಂದ.

“ಕೇಳು.”

“ಪೇಪರ್‌ನಾಗ ಬ್ಯಾರೆ ಜಾತಿ ಅಂತ ಬಂದದ. ಬ್ಯಾರೆ ಜಾತಿ ಅಂದ್ರ ಬ್ಯಾರೆ ಪ್ರಾಣೀನೇ ಆಯ್ತಲ್ರಿ? ಅವು ಹೆಂಗ ಕೂಡ್ತಾವ್ರಿ? ಇವು ಎಲ್ಲಾ ಒಂದೇ ಕಾಣ್ಲತ್ತಾವ.”

ಇಡೀ ಠಾಣೆ ಜಿಲ್ಲೆಯಲ್ಲಿ ನನ್ನ ಲೇಖನವನ್ನು ಓದಿದವನು ಇವನೊಬ್ಬನೇ! ಉಳಿದವರೆಲ್ಲ ತಮ್ಮದನ್ನೇ ಓದಿಕೊಂಡಿದ್ದಾರೆ. ನಡೆದದ್ದನ್ನೆಲ್ಲ ಅವನಿಗೆ ಹೇಳಿಬಿಟ್ಟೆ. ಬರಿಯ ಕಥೆ, ಸಂಪಾದಕಿಯ ಕತ್ತರಿ, ನನ್ನ ಹ್ಞೂಂ, ತಿದ್ದುಪಡಿ, ಎಲ್ಲ.

ಅವನ ಮುಖ ಸಣ್ಣದಾಯಿತು. “ನನಗ ಓದಿದಾಗೇ ಸಂಶಯ ಬಂದಿತ್ರಿ. ಆಕಿ ಭಾಳ ಖುಷಿ ಆಗಿದ್ಲು, ಹೇಳಾಕ ಬಾಯಿ ಬರಲಿಲ್ಲ.”

“ನನಗೂ ಬರಲಿಲ್ಲ” ಎಂದೆ.

“ತಿದ್ರಿ ಸರ” ಎಂದ. “ತಪ್ಪು ಬಂದದ್ದು ತಪ್ಪೇ ಅಲ್ರಿ. ನೀವು ಒಲ್ಲೆ ಅಂದ್ರೂ ನಾವು ಮತ್ತ ಬಂದು ಕೇಳ್ತೀವಿ. ಆದ್ರ ಸುಳ್ಳಿನ ಮ್ಯಾಲ ಬ್ಯಾಡ್ರಿ.”

ಊಟ ಮುಗಿಸಿ ಮತ್ತೆ ನೋಡಿದೆವು. ಬಟ್ಟಲಿನಲ್ಲಿ ಜೋಡಿಗಳು ಆಗಿದ್ದವು. ಎರಡೆರಡು ಕೋಶ ಮೈಗೆ ಮೈ ಹಚ್ಚಿಕೊಂಡು ಒಂದೇ ದಿಕ್ಕಿಗೆ ತೆವಳುತ್ತಿದ್ದವು. ಮರಗಮ್ಮನೂ ಕಣ್ಣಿಟ್ಟು, “ಅಯ್ಯ, ಜ್ವಾಳದ ಕಾಳಿಗೆ ಕಾಲು ಬಂದಂಗ ಅದಾವ” ಎಂದಳು.

ಹುಡುಗನ ಕನ್ನಡ ಶುದ್ಧವಾಗಿದೆ ಅನ್ನಲಾರೆ. ಆದರೆ ಪ್ರಶ್ನೆ ಶುದ್ಧವಾಗಿದೆ. ಇದರರ್ಥ ನಾನು ಒಪ್ಪಿದೆ ಎಂದಲ್ಲ.

ನವೆಂಬರ್ ೧೮, ಮಂಗಳವಾರ

ಲತೀಶ ದಿನಾ ಫೋನ್ ಮಾಡುತ್ತಾನೆ. “ತಿದ್ದುಪಡಿ ಕೊಟ್ಟಿರಾ? ಕೊಟ್ಟಿರಾ?” ಅನೀಶನ ಮನೆಯವರು ಕಾಯುತ್ತಿದ್ದಾರಂತೆ. ವಿಜ್ಞಾನದ ತಪ್ಪನ್ನು ತಿದ್ದಲು ನನಗೆ ಹೋಟೆಲಿನವರ ಅವಸರ ಬೇಕಿಲ್ಲ. ಫೋನ್ ಇಟ್ಟೆ.

ನವೆಂಬರ್ ೨೩, ಭಾನುವಾರ

ಬೆಳಗ್ಗೆಯಿಂದ ತಿದ್ದುಪಡಿಯ ಮುಂದೆ ಕೂತಿದ್ದೇನೆ. ಒಂದೂವರೆ ಪುಟವನ್ನು ನಾಲ್ಕು ಸಾಲಿಗೆ ಇಳಿಸಬೇಕು. 

ಮೊದಲು ಬೈಗಳನ್ನು ಹೊಡೆದುಹಾಕಿದೆ. ಅನಸೂಯಾಬಾಯಿಯ ಹೆಸರನ್ನೂ ತೆಗೆದೆ. ಮಹಾತಾಯಿ, ಬದುಕಿಕೊಳ್ಳಲಿ. ಜೀನಿನ ವಿವರ ತೆಗೆದೆ, ಗ್ರಾಹಕ ತೆಗೆದೆ. ಆ ಶಬ್ದ ಉಳಿದರೆ ಬ್ಯಾಂಕಿನ ಜಾಹೀರಾತಿನ ಪಕ್ಕದಲ್ಲಿ ಇನ್ನೊಂದು ಅನಾಹುತವಾಗುತ್ತದೆ. “ಈ ಲೇಖನಕ್ಕೂ ಮನುಷ್ಯರ ಮದುವೆಗೂ ಯಾವ ಸಂಬಂಧವೂ ಇಲ್ಲ” ಎಂದು ಒಂದು ಸಾಲಿತ್ತು. ಲತೀಶನಿಗೆ ಬೇಕಾದದ್ದು ಆ ಸಾಲು. ಅದನ್ನೂ ಹೊಡೆದುಹಾಕಿದೆ. ಜಾಗ ಇರಲಿಲ್ಲ, ಅದಕ್ಕೇ. ಅದಲ್ಲದೆ ಸಿಲಿಯೇಟುಗಳ ಬಗೆಗಿನ ತಿದ್ದುಪಡಿಯಲ್ಲಿ ಮನುಷ್ಯರ ಮಾತು ಯಾಕೆ ಬರಬೇಕು?

ಉಳಿದದ್ದು ಇಷ್ಟು. ವಿಜ್ಞಾನದ ದೃಷ್ಟಿಯಿಂದ ಇದರಲ್ಲಿ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ:

“ಕಳೆದ ಸಂಚಿಕೆಯ ನನ್ನ ಲೇಖನದಲ್ಲಿ ‘ಬೇರೆ ಜಾತಿ’ ಎಂದು ಅಚ್ಚಾದದ್ದು ತಪ್ಪು. ಇವುಗಳಲ್ಲಿ ಬೇರೆ ಜಾತಿ ಎಂಬುದಿಲ್ಲ. ಖಾಡಿಯ ಈ ದಡದವೂ ಆ ದಡದವೂ ಒಂದೇ ಜಾತಿ. ಕರಾವಳಿಯವರು ಬರಿ ಎಂದೂ ಕಲಬುರಗಿಯವರು ಬೆಡಗು ಎಂದೂ ಹೇಳುವ ಗುರುತು ಮಾತ್ರ ಬೇರೆ. ಅದು ಬೇರೆಯಾದ್ದರಿಂದಲೇ ಅವು ಕೂಡುತ್ತವೆ. — ಗುಣಪಾಲ”

ಅನಸೂಯಾಬಾಯಿಗೆ ಫೋನಿನಲ್ಲೇ ಓದಿದೆ. ಇನ್ನೊಮ್ಮೆ ಓದಿಸಿಕೊಂಡರು.

“ಇದನ್ನ ಹಿಂಗ ಹಾಕ್ಲೇನ್ರಿ?” ಎಂದರು.

“ಹೀಗೇ ಹಾಕಿ. ಒಂದಕ್ಷರ ಮುಟ್ಟಿದರೆ ಸಂಘಕ್ಕೆ ಕಾಲಿಡುವುದಿಲ್ಲ.”

“ಮುಟ್ಟಂಗಿಲ್ರಿ ಸರ. ಬೆಡಗು ಅಂತ ಮೊದಲ ಬರದಿದ್ರ ಅವಾಗೂ ಮುಟ್ಟತಿದ್ದಿಲ್ಲ” ಎಂದರು. ಕೊನೆಯ ಮಾತು ಅವರದೇ ಆಗಬೇಕು, ಯಾವಾಗಲೂ.

ಪ್ರಣೀತಾಳಿಗೆ ಇನ್ನೂ ಹೇಳಿಲ್ಲ. ಹುಡುಗನಿಗೂ ಹೇಳಬೇಡವೆಂದಿದ್ದೇನೆ. ಅಚ್ಚಾಗಿ ಬರಲಿ. ಅವಳು ಓದುವ ಮೊದಲೇ ಅವಳ ಮುಖ ನೋಡುವ ಧೈರ್ಯ ನನಗಿಲ್ಲ. ಮಾತು ಬಿಟ್ಟಾಳೇ? ಬಿಟ್ಟರೆ ಏನು ಮಾಡಲಿ?

ಡಿಸೆಂಬರ್ ೩, ಬುಧವಾರ

ಸಂಚಿಕೆ ಬಂತು. ಅಕ್ಷರ ಅಕ್ಷರ ಸರಿಯಾಗಿದೆ. ನಂಬಲಾರದೆ ಎರಡು ಸಲ ನೋಡಿದೆ.

ಲತೀಶನ ಫೋನೂ ಬಂತು. “ಭಾವ, ಇದೆಂತ ತಿದ್ದುಪಡಿ ಮಾರಾಯ್ರೆ! ಮೊದಲಿಗೆ ಬೇರೆ ಜಾತಿಯಲ್ಲಿ ಮದುವೆ ಆಗಿ ಅಂದಿರಿ. ಈಗ ಜಾತಿಯೇ ಇಲ್ಲ ಅಂತೀರಲ್ಲ! ಇದು ಮೊದಲಿಗಿಂತ ಹೆಚ್ಚಾಯ್ತು. ಅನೀಶನ ಮನೆಯವರು ಕೈ ಬಿಟ್ಟರು.”

“ನಾನು ಬರೆದದ್ದು ಯುಪ್ಲೋಟಿಸ್ ಬಗ್ಗೆ” ಎಂದು ಕಿರುಚಿದೆ. “ಅವೆಲ್ಲ ಒಂದೇ ಜಾತಿ! ಯಾರು ಏನೇ ಹೇಳಲಿ, ಒಂದೇ ಜಾತಿ! ಬೇಕಾದರೆ ಬಂದು ಜಾಡಿ ನೋಡು!”

ಹರಿಣಾಕ್ಷಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಯಾಕೆಂದು ಕೇಳಿದರೆ, “ಎಂತ ಇಲ್ಲ, ಕಾಫಿ ತರ್ತೇನೆ” ಎಂದಳು.

ಡಿಸೆಂಬರ್ ೭, ಭಾನುವಾರ

ಮರಗಮ್ಮ, ಭೀಮು ಬಂದಿದ್ದರು. ನಾನೇ ಫೋನ್ ಮಾಡಿ ಕರೆದದ್ದು. ಜಾಡಿಯ ನೀರು ಬದಲಿಸಲು ಇನ್ನೊಂದು ಕೈ ಬೇಕಿತ್ತು.

ಊಟವಾದ ಮೇಲೆ ಸಂಚಿಕೆಯನ್ನು ಪ್ರಣೀತಾಳ ಮುಂದಿಟ್ಟು, ಓದು ಎಂದೆ. ನನ್ನ ದನಿ ಅಗತ್ಯಕ್ಕಿಂತ ಗಡುಸಾಗಿ ಬಂತು. ಬೆರಳಿಟ್ಟು ಓದಿದಳು. ಮೊದಲ ಸಾಲಿಗೇ ಬೆರಳು ನಿಂತಿತು. “ತಪ್ಪು” ಎಂಬ ಶಬ್ದವನ್ನು ಎರಡು ಸಲ ಓದಿದಳು. ಭೀಮು ನೆಲ ನೋಡುತ್ತಿದ್ದ. ಮುಂದೆ ಓದಿದಳು. “ಬೆಡಗು” ಎಂಬುದನ್ನು ಬೇಡಗು ಎಂದಳು, ತಿದ್ದಿದೆ. ಕೊನೆಯವರೆಗೂ ಓದಿ ತಲೆಯೆತ್ತಿದಳು.

“ಹಾಗಾದ್ರೆ... ಮೊದಲಿಂದು... ನನಗೋಸ್ಕರ ಬರೆದದ್ದಲ್ಲ?” ಎಂದಳು.

ಕನ್ನಡದಲ್ಲಿ ಕೇಳಿದಳು. ತಡೆ ತಡೆದು, ಶಬ್ದ ಹುಡುಕಿ, ಕನ್ನಡದಲ್ಲಿ.

“ಅಲ್ಲ” ಎಂದೆ. “ಅದು ಸಂಪಾದಕರು ತಿದ್ದಿದ್ದು. ಹೌದು ಅಂದದ್ದು ನನ್ನ ತಪ್ಪು.”

ಅಡುಗೆಮನೆಯಲ್ಲಿ ಹರಿಣಾಕ್ಷಿಯ ನಲ್ಲಿ ನಿಂತಿತು.

“ಮತ್ತೆ ಇದು?”

ಇದು ಸಿಲಿಯೇಟುಗಳ ಬಗ್ಗೆ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

“ಇದನ್ನು ಯಾರೂ ತಿದ್ದಿಲ್ಲ” ಎಂದೆ. “ಇದು ಪೂರ್ತಿ ನನ್ನದೇ.”

ಅವಳು ಪತ್ರಿಕೆಯನ್ನು ಎತ್ತಿಕೊಂಡು ಮೊದಲ ಸಾಲಿನಿಂದ ಮತ್ತೆ ಓದತೊಡಗಿದಳು. ಈ ಸಲ ಬೆರಳಿಡಲಿಲ್ಲ. ಬೆಡಗು ಎಂಬಲ್ಲಿ ಮತ್ತೆ ಬೇಡಗು ಎಂದಳು. ತಿದ್ದಲು ಬಾಯಿ ತೆರೆದವನು ಸುಮ್ಮನೆ ಕೇಳುತ್ತ ಕೂತೆ.